ಕಲ್ಯಾಣ ನಾಡಿನ ಅಡವಿ ಬರಡಲ್ಲ

“ನಮ್ ಕಡಿ ಎಲ್ಲಿ ಅಡವಿ ಅದರಿ?” ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಕಾಡಿನ ಮಾತು ತೆಗೆದರೆ ಮೊದಲು ಬರುವುದು ಇದೇ ಪ್ರಶ್ನೆ. ಕೇಳುವವರು ಅಮಾಯಕರು. ಅವರಿಗೆ ಶಾಲೆಯಲ್ಲಿ ಕಲಿಸಿದ್ದು, ಕಚೇರಿಯಲ್ಲಿ ಹೇಳಿದ್ದು, ಭಾಷಣಗಳಲ್ಲಿ ಕೇಳಿದ್ದು ಅದನ್ನೇ. ಕಾಡು ಅಂದರೆ ಶಿರಸಿ, ಆಗುಂಬೆ, ಕೊಡಗು. ಬೀದರ್ ಅಂದರೆ ಬಿಸಿಲು, ಎರೆಮಣ್ಣು, ತೊಗರಿ. ಹೊಲ ಮತ್ತು ಊರಿನ ನಡುವೆ ಅಲ್ಲಲ್ಲಿ ಹರಡಿಕೊಂಡಿರುವ ಕುರುಚಲು ಗುಡ್ಡ, ಹುಲ್ಲಿನ ಬಯಲು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಈ ನಂಬಿಕೆಗೆ ಮೂರು ಕವಲುಗಳಿವೆ. ಇಲ್ಲಿ ಕಾಡೇ ಇಲ್ಲ, ಇರುವುದು ಬರಡು ಭೂಮಿ, ಅದನ್ನು ಕಾರ್ಖಾನೆಗೋ ಲೇಔಟಿಗೋ ಕೊಟ್ಟರೆ ಯಾರಿಗೂ ನಷ್ಟವಿಲ್ಲ ಎನ್ನುವುದು ಒಂದು. ಕಾಡು ಬೇಕೆಂದರೆ ಗುಂಡಿ ತೋಡಿ ಸಸಿ ನೆಟ್ಟು ಹೊಸದಾಗಿಯೇ ಬೆಳೆಸಬೇಕು ಎನ್ನುವುದು ಎರಡನೆಯದು. ಹಾಗೆ ಬೆಳೆಸಿದ ಕಾಡು ಉಳಿಯಬೇಕಾದರೆ ಕುರಿ ಕಾಯುವವರು, ಕಟ್ಟಿಗೆ ಆಯುವವರು ಅದರ ಹತ್ತಿರ ಸುಳಿಯಬಾರದು ಎನ್ನುವುದು ಮೂರನೆಯದು. ಮೂರೂ ತಪ್ಪು. ಮೂರೂ ಕೂಡಿ ಬೀದರ್ ಜಿಲ್ಲೆಯ ಅಳಿದುಳಿದ ಅಡವಿಯನ್ನೂ ಅದನ್ನು ನಂಬಿದ ಬಡವರ ಬದುಕನ್ನೂ ಒಟ್ಟಿಗೇ ತಿನ್ನುತ್ತಿವೆ. ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕದ ಮಾತು. ಬೀದರ್ ಜಿಲ್ಲೆಯ ದಾಖಲೆಯ ಅರಣ್ಯ ಜಿಲ್ಲೆಯ ವಿಸ್ತೀರ್ಣದ ಶೇ 10ನ್ನೂ ಮುಟ್ಟುವುದಿಲ್ಲ. ಉಪಗ್ರಹದ ಚಿತ್ರದಲ್ಲಿ ಕಾಣುವ ಹಸಿರು ಅದಕ್ಕಿಂತಲೂ ಕಡಿಮೆ. ಆದರೆ ಆ ಚಿತ್ರವನ್ನು ಓದುವ ಸೂತ್ರ ಯಾವುದು? ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆಯ ಪ್ರಕಾರ, ಒಂದು ಹೆಕ್ಟೇರಿಗಿಂತ ದೊಡ್ಡದಾದ, ನೆಲದ ಶೇ 10ಕ್ಕಿಂತ ಹೆಚ್ಚು ಭಾಗ ಮರಗಳ ನೆತ್ತಿಯಡಿ ಇರುವ ಜಾಗವೆಲ್ಲ ಅರಣ್ಯ ಹೊದಿಕೆ. ಅದು ಯಾರ ಒಡೆತನದ್ದು, ಯಾವ ಜಾತಿಯ ಮರ ಎಂದು ಕೇಳುವ ಹಾಗಿಲ್ಲ. ಈ ಸೂತ್ರದಲ್ಲಿ ನೀಲಗಿರಿ ತೋಪು ಕಾಡು, ಮಾವಿನ ತೋಟವೂ ಕಾಡು. ಚಿಗರಿಗಳು (ಕೃಷ್ಣಮೃಗಗಳು) ಮರಿ ಹಾಕುವ, ತೋಳ ಗವಿ ಮಾಡುವ, ನೂರಾರು ಕುರಿಗಳು ಮಳೆಗಾಲವಿಡೀ ಹೊಟ್ಟೆ ಹೊರೆಯುವ ಹುಲ್ಲುಗಾವಲು ಮಾತ್ರ ಕಾಡಲ್ಲ. 2000ರಿಂದ ಕೇಂದ್ರ ಸರ್ಕಾರ ಹೊರತರುತ್ತಿರುವ ಪಾಳುಭೂಮಿ ನಕಾಶೆಗಳಲ್ಲಿ ಇಂಥ ಕುರುಚಲು ಭೂಮಿಗೆ ಪಾಳುಭೂಮಿಯ ಪಟ್ಟಿಯಲ್ಲೇ ಜಾಗ. ಒಂದು ಇಲಾಖೆ ಅರಣ್ಯವಲ್ಲ ಎಂದು ಬಿಟ್ಟಿದ್ದನ್ನು ಇನ್ನೊಂದು ಇಲಾಖೆ ಪಾಳು ಎಂದು ಬರೆದುಕೊಂಡಿದೆ. ಈ ಎರಡು ಕಾಗದಗಳ ನಡುವೆ ಬಯಲುಸೀಮೆಯ ಇಡೀ ಅಡವಿ ಕಾಣೆಯಾಗಿದೆ.

ಶೇ 33ರ ಮಾತನ್ನೂ ಇಲ್ಲಿ ಸರಿಯಾಗಿ ತಿಳಿಯಬೇಕು. 1988ರ ರಾಷ್ಟ್ರೀಯ ಅರಣ್ಯ ನೀತಿ ಮೂರನೇ ಒಂದು ಭಾಗ ಹಸಿರಿರಲಿ ಎಂದದ್ದು ದೇಶದ ಒಟ್ಟು ಭೂಮಿಗೆ. ಪ್ರತಿ ಜಿಲ್ಲೆಯೂ ಮಲೆನಾಡಾಗಬೇಕು ಎಂದು ಅದು ಎಲ್ಲೂ ಹೇಳಿಲ್ಲ. ಅದೇ ನೀತಿ ಇನ್ನೊಂದು ಮಾತನ್ನೂ ಹೇಳಿತ್ತು: ಕಾಡಿನೊಳಗೆ ಮತ್ತು ಕಾಡಿನಂಚಿನಲ್ಲಿ ಬದುಕುವ ಬುಡಕಟ್ಟು ಜನರ, ಬಡವರ ಉರುವಲು, ಮೇವು, ಕಿರು ಉತ್ಪನ್ನಗಳ ಅಗತ್ಯಕ್ಕೆ ಅರಣ್ಯದ ಮೇಲೆ ಮೊದಲ ಹಕ್ಕು. ಶೇ 33 ಎಂಬ ಅಂಕಿ ಎಲ್ಲರ ಬಾಯಲ್ಲೂ ಇದೆ. ಮೊದಲ ಹಕ್ಕಿನ ಮಾತನ್ನು ಯಾವ ವೇದಿಕೆಯಲ್ಲೂ ಯಾರೂ ಎತ್ತುವುದಿಲ್ಲ.

ಈಗ ನೆಲಕ್ಕೆ ಬರೋಣ. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳು ಎರಡು ಮಹಾನದಿಗಳ ನೀರು ಬೇರೆಯಾಗುವ ಸೀಮೆಯಲ್ಲಿವೆ. ಒಂದು ಬದಿಗೆ ಬಿದ್ದ ಮಳೆ ಕಾರಂಜಾ, ಮಾಂಜ್ರಾ ಹಿಡಿದು ಗೋದಾವರಿ ಸೇರುತ್ತದೆ. ಇನ್ನೊಂದು ಬದಿಯದು ಮುಲ್ಲಾಮಾರಿ, ಕಾಗಿಣಾ, ಭೀಮಾ ಹಾದು ಕೃಷ್ಣೆಗೆ ಹೋಗುತ್ತದೆ. ಬಸವಕಲ್ಯಾಣದ ಕಡೆ ಕಪ್ಪು ಕಲ್ಲಿನ ಮೇಲೆ ಎರೆಮಣ್ಣು. ಹುಮನಾಬಾದಿನಿಂದ ಬೀದರ್ ಕಡೆಗೆ ಸಾಗಿದರೆ ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲು. ಜಂಬಿಟ್ಟಿಗೆ ರಂಧ್ರ ರಂಧ್ರವಾದ ಕಲ್ಲು, ಮಳೆಯ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಕೆಳಗಿನ ಜೇಡಿಪದರಕ್ಕೆ ತಾಗಿದ ನೀರು ಅಡ್ಡಡ್ಡ ಹರಿದು ಗುಡ್ಡದ ಬುಡದಲ್ಲಿ ಸೆಲೆಯಾಗಿ ಹೊರಬರುತ್ತದೆ. ಬೀದರಿನ ನರಸಿಂಹ ಝರಣಿ, ಪಾಪನಾಶ, ನಾನಕ ಝೀರಾ ಹುಟ್ಟಿದ್ದೇ ಹೀಗೆ. ಸೆಲೆ ಜೀವಂತವಾಗಿರಬೇಕಾದರೆ ಮೇಲಿನ ಬಯಲಿನಲ್ಲಿ ಬಿದ್ದ ಮಳೆ ಓಡದೆ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಆ ತೆಳು ಮಣ್ಣನ್ನು ಕಚ್ಚಿ ಹಿಡಿದ ಹುಲ್ಲಿನ ಬೇರು ಮತ್ತು ಕುರುಚಲು ಗಿಡ. ಅವನ್ನು ಕೆತ್ತಿ ಮುರುಮು ತೆಗೆದ ಕಡೆ ಮೊದಲ ದೊಡ್ಡ ಮಳೆಗೇ ಮಣ್ಣು ಕೊಚ್ಚಿಕೊಂಡು ಹೋಗಿ ಕೆರೆಗಳ, ಜಲಾಶಯಗಳ ತಳ ಸೇರುತ್ತದೆ. ಚುಳಕಿನಾಲಾ, ಮುಲ್ಲಾಮಾರಿ ಜಲಾಶಯಗಳ ಆಯಸ್ಸನ್ನು ನಿರ್ಧರಿಸುವುದು ಅವುಗಳ ಗೋಡೆಯಷ್ಟೇ ಅಲ್ಲ, ಮೇಲ್ಭಾಗದ ಗುಡ್ಡಗಳ ಹುಲ್ಲು ಕೂಡ. ಅಂಥ ಗುಡ್ಡವನ್ನು ನಿರುಪಯೋಗಿ ಎಂದು ಕರೆಯುವವರು ನೀರು ಎಲ್ಲಿಂದ ಬರುತ್ತದೆ ಎಂದು ಯೋಚಿಸಿಲ್ಲ.

ಆ ಗುಡ್ಡದಲ್ಲಿ ಏನಿದೆ ಎಂದು ಕೇಳುವವರು ದಸರೆ-ದೀಪಾವಳಿಯ ನಡುವೆ ಹುಮನಾಬಾದಿನ ಹೆದ್ದಾರಿ ಬದಿಗೆ ಬರಬೇಕು. ತಾಂಡಾಗಳ, ಊರುಗಳ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಸೀತಾಫಲ ಇಟ್ಟುಕೊಂಡು ಕೂತಿರುತ್ತಾರೆ. ಬೆಳಕು ಹರಿಯುವ ಮುಂಚೆ ಗುಡ್ಡ ಹತ್ತಿ, ಕಣ್ಣು ಬಿಟ್ಟ ಕಾಯಿಗಳನ್ನಷ್ಟೇ ಕಿತ್ತು ತಂದ ಹಣ್ಣು ಅದು. ಹೋಳುಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗಾಗಿದ್ದರೆ ಕಾಯಿ ಬಲಿತಿದೆ, ಇಲ್ಲದಿದ್ದರೆ ಹಣ್ಣಾಗದೆ ಕಪ್ಪಾಗಿ ಒಣಗುತ್ತದೆ. ಆ ಗೆರೆಯನ್ನು ನಸುಕಿನಲ್ಲೇ ಗುರುತಿಸುವ ಕಣ್ಣು ಅವರಿಗಿದೆ. ಸೊಪ್ಪು, ಹುಲ್ಲು ಹಾಸಿ ಮುಚ್ಚಿಟ್ಟರೆ ಎರಡು ಮೂರು ದಿನದಲ್ಲಿ ಹಣ್ಣು. ಈ ಗಿಡಕ್ಕೆ ಯಾರೂ ನೀರು ಹಾಕಿಲ್ಲ, ಗೊಬ್ಬರ ಕೊಟ್ಟಿಲ್ಲ, ಬೇಲಿ ಕಟ್ಟಿಲ್ಲ. ಆಡು ಇದರ ಎಲೆಗೆ ಬಾಯಿ ಹಾಕುವುದಿಲ್ಲ, ಹಾಗಾಗಿ ಮೇಯುವ ಗುಡ್ಡದಲ್ಲೂ ಅದು ಸೊಂಪಾಗಿ ಉಳಿದಿದೆ. ಬಿತ್ತನೆಯ ಕೆಲಸ ಮುಗಿದು ರಾಶಿಯ ಕೂಲಿ ಇನ್ನೂ ಶುರುವಾಗದ ಹೊತ್ತಿನಲ್ಲಿ ಭೂಮಿಯಿಲ್ಲದ ಮನೆಗೆ ದುಡ್ಡು ತರುವುದು ಈ ಹಣ್ಣು. ಇದರ ಜೊತೆಗೆ ಪತ್ರಾವಳಿಗೆ ಮುತ್ತುಗದ ಎಲೆ, ಮಕ್ಕಳಿಗೆ ಬಾರಿ ಹಣ್ಣು, ಕವಳಿ ಹಣ್ಣು, ಮನೆಮದ್ದಿಗೆ ತಂಗಡಿ, ಬೇವು, ಕಕ್ಕೆ, ಒಲೆಗೆ ಜಾಲಿಯ ಒಣ ಟೊಂಗೆ, ಬೇಸಿಗೆಗೆ ಕೊಯ್ದಿಟ್ಟ ಕರಡ. ಇಷ್ಟು ಕೊಡುವ ನೆಲ ಬರಡು ಹೇಗಾದೀತು?

ಇದು ಬರೀ ಅಕ್ಕರೆಯ ಮಾತಲ್ಲ. ಅರ್ಥಶಾಸ್ತ್ರಜ್ಞ ಎನ್.ಎಸ್. ಜೋಧಾ 1986ರಲ್ಲಿ ಪ್ರಕಟಿಸಿದ ಅಧ್ಯಯನ ಒಣಬೇಸಾಯದ ಸೀಮೆಗಳ ಸಾಮುದಾಯಿಕ ಭೂಮಿಯ ಕುರಿತದ್ದು. ಅವರು ಆರಿಸಿಕೊಂಡ ಜಿಲ್ಲೆಗಳಲ್ಲಿ ಬೀದರವೂ ಒಂದು. ಬಡ ಕುಟುಂಬಗಳ ಆದಾಯದಲ್ಲಿ ಶೇ 15ರಿಂದ 25ರಷ್ಟು ಇಂಥ ಗುಡ್ಡ, ಗಾಯರಾಣ (ಗೋಮಾಳ), ಕುರುಚಲು ಕಾಡುಗಳಿಂದ ಬರುತ್ತಿತ್ತೆಂದು ಅವರು ಕಂಡುಕೊಂಡರು. 1950ರ ದಶಕದ ಆರಂಭದಿಂದ 1980ರ ದಶಕದ ಆರಂಭದೊಳಗೆ ಆ ಭೂಮಿ ಹಲವೆಡೆ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕರಗಿತ್ತು. ಬಡವರಿಗೆ ಹಂಚುತ್ತೇವೆ ಎಂದು ಒಡೆದ ಭೂಮಿಯಲ್ಲಿ ದೊಡ್ಡ ಪಾಲು ಕೊನೆಗೆ ಸೇರಿದ್ದು ಬಡವರಲ್ಲದವರ ಕೈಗೆ. ಸಾಮೂಹಿಕ ಭೂಮಿಯನ್ನು ಒಡೆದರೆ ಬಡವನಿಗೆ ನ್ಯಾಯ ಸಿಗುತ್ತದೆ ಎನ್ನುವ ಮಾತಿಗೆ ಆ ಮೂವತ್ತು ವರ್ಷಗಳ ಅನುಭವವೇ ಉತ್ತರ.

ಎರಡನೆಯ ಕವಲು ಸಸಿ ನೆಡುವುದರದ್ದು. ಸಸಿ ನೆಡುವುದನ್ನು ವಿರೋಧಿಸುವವರು ಯಾರೂ ಇಲ್ಲ. ರಸ್ತೆಬದಿಯಲ್ಲಿ ನೆಡಿ, ಬದುವಿನ ಮೇಲೆ ನೆಡಿ, ಶಾಲೆಯಂಗಳದಲ್ಲಿ, ಕೆರೆಯ ಏರಿಯಲ್ಲಿ ನೆಡಿ. ಆದರೆ ಹುಲ್ಲುಗಾವಲಿನ ಎದೆ ಬಗೆದು ನೆಡಬೇಡಿ. ಜೆಸಿಬಿ ಬಂದು ಸಾಲು ಸಾಲು ಟ್ರೆಂಚ್ ತೋಡಿದ ಗುಡ್ಡವನ್ನು ಮಾಘ-ಫಾಲ್ಗುಣದಲ್ಲಿ ಹೋಗಿ ನೋಡಿದರೆ ಸಾಕು. ಮುಂಗಾರಿನಲ್ಲಿ ನೆಟ್ಟ ಸಸಿಗಳು ಅರ್ಧಕ್ಕರ್ಧ ಕಡ್ಡಿಯಾಗಿರುತ್ತವೆ. ಅಗೆದು ಮೇಲೆ ಹಾಕಿದ ಮುರುಮಿನ ಅಡಿಯಲ್ಲಿ ಇದ್ದ ಹುಲ್ಲೂ ಸತ್ತಿರುತ್ತದೆ. ಹುಲ್ಲು ಹೋದ ಜಾಗಕ್ಕೆ ಬಳ್ಳಾರಿ ಜಾಲಿ, ಲಂಟಾನ ನುಗ್ಗುತ್ತವೆ. ಒಂದು ಜೀವಂತ ಅಡವಿಯನ್ನು ಕೆಡಿಸಿ ಅದರ ಮೇಲೆ ಇನ್ನೊಂದನ್ನು ಎಬ್ಬಿಸುವ ಈ ಕೆಲಸಕ್ಕೆ ಅರಣ್ಯೀಕರಣ ಎಂಬ ಹೆಸರು ಸಲ್ಲದು.

ಇದರ ಪೆಟ್ಟು ರೈತನ ಹೊಲಕ್ಕೂ ಬೀಳುತ್ತಿದೆ. ಬೀದರ್ ಜಿಲ್ಲೆಯ ರೈತರ ದೊಡ್ಡ ಗೋಳು ಚಿಗರಿಯದು. ಹೆಸರು, ಉದ್ದು, ಸೋಯಾ ಮೊಳೆತು ಎರಡೆಲೆಯಾಗುವ ಹೊತ್ತಿಗೆ ಹಿಂಡು ಬಂದು ಸಾಲು ಸಾಲೇ ಬೋಳಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಇರುವ ಪ್ರಾಣಿ ಅದು, ರೈತ ಕೈ ಎತ್ತುವಂತಿಲ್ಲ. ಚಿಗರಿ ತೆರೆದ ಬಯಲಿನ ಜೀವಿ. ದೂರದಿಂದ ಬರುವ ಅಪಾಯವನ್ನು ಕಣ್ಣಿಂದ ನೋಡಿ ಕಾಲಿನ ವೇಗದಿಂದ ತಪ್ಪಿಸಿಕೊಳ್ಳುವ ಪ್ರಾಣಿಗೆ ದಟ್ಟ ಮರಗಳ ನಡುವೆ ಬಾಳುವೆಯಿಲ್ಲ. ಹುಲ್ಲುಗಾವಲನ್ನು ಮರದ ತೋಪು ಮಾಡಿದರೆ ಅದಕ್ಕೆ ಉಳಿಯುವ ತೆರೆದ ಬಯಲು ಒಂದೇ, ರೈತನ ಹೊಲ. ಗುಡ್ಡದ ಮೇಲೆ ತಪ್ಪು ಕಾಡು ಬೆಳೆಸಿದ್ದರ ದಂಡವನ್ನು ಕೆಳಗಿನ ಹೊಲದ ರೈತ ಕಟ್ಟುತ್ತಿದ್ದಾನೆ.

ಕನ್ನಡ ನಾಡು ಈ ಪಾಠವನ್ನು ಒಮ್ಮೆ ಕಲಿತಿದೆ. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಸ್ಥಾಪಿಸಿ, ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಹೊರಟಿತು. ಸರ್ಕಾರದ ಕಣ್ಣಿಗೆ ಅದು ಕೆಳದರ್ಜೆಯ ಭೂಮಿ. ಊರಿನವರ ಪಾಲಿಗೆ ಅದು ಮೇವು, ಉರುವಲು, ನೇಗಿಲಿನ ಕಟ್ಟಿಗೆ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆ ಊರಿನ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹಕ್ಕೆ ಇಳಿದರು. ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರವೇ ನಿಷೇಧಿಸಿತು. ಇಲ್ಲಿ ಜಗಳ ಹೊರದೇಶದ ಗಿಡ, ನಮ್ಮ ಗಿಡ ಎಂಬುದಲ್ಲ. ಸೀತಾಫಲವೂ ಹೊರಗಿನಿಂದ ಬಂದು ಇಲ್ಲಿಯದಾದ ಗಿಡವೇ. ಗಿಡವನ್ನು ಯಾರಿಗಾಗಿ ಬೆಳೆಸುತ್ತೇವೆ, ಅದನ್ನು ಆರಿಸಿದವರು ಯಾರು ಎಂಬುದೇ ಪ್ರಶ್ನೆ.

ಮೂರನೆಯ ಕವಲು ಎಲ್ಲಕ್ಕಿಂತ ಆಳಕ್ಕೆ ಇಳಿದಿದೆ: ಮನುಷ್ಯರು ಕಾಡಿನ ವೈರಿಗಳು ಎಂಬ ನಂಬಿಕೆ. ಈ ಮಾತನ್ನು ಬೇರೆಲ್ಲಿ ಹೇಳಿದರೂ ಕಲ್ಯಾಣದ ನೆಲದಲ್ಲಿ ನಿಂತು ಹೇಳಬಾರದು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಇದೇ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ಕಾನೂನಿಗೆಂದು ಅದು ಹೆಸರುವಾಸಿ. ಆದರೆ ಅವನು ವ್ಯಾಖ್ಯಾನಿಸಿದ ಸ್ಮೃತಿಯಲ್ಲಿ ಇನ್ನೂ ಕೆಲವು ವಿಧಿಗಳಿವೆ. ಊರಿನವರ ಇಚ್ಛೆಯಂತೆಯೋ ಅರಸನ ಆಜ್ಞೆಯಂತೆಯೋ ದನಗಳಿಗೆ ಗೋಮಾಳ ಬಿಡಬೇಕು. ಹಳ್ಳಿಗೂ ಹೊಲಕ್ಕೂ ನಡುವೆ 100 ಬಿಲ್ಲಿನಷ್ಟು ಜಾಗ ಇರಬೇಕು, ನಗರವಾದರೆ 400 ಬಿಲ್ಲು. ಜನರ ಜೀವನಕ್ಕೆ ಒದಗುವ ಮರದ ಟೊಂಗೆ ಕಡಿದರೆ 20 ಪಣ ದಂಡ, ಕಾಂಡ ಕಡಿದರೆ 40, ಬುಡಸಮೇತ ಕಡಿದರೆ 80. ದೇವಸ್ಥಾನದ, ಸ್ಮಶಾನದ, ಊರ ಗಡಿಯ ಮರವಾದರೆ ದಂಡ ಎರಡರಷ್ಟು. ಮರವನ್ನು ಊರಿನ ಬದುಕಿಗೆ ಸೇರಿಸಿಯೇ ಕಾಯುವ ಕಾನೂನು ಇದು. ಆದರೆ ಈ ಸ್ಮೃತಿ ಹುಲ್ಲು, ಕಟ್ಟಿಗೆ, ಹೂವನ್ನು ಎಲ್ಲಿಂದಲಾದರೂ ತರುವ ಸ್ವಾತಂತ್ರ್ಯವನ್ನು ಕೊಟ್ಟದ್ದು ದ್ವಿಜನಿಗೆ ಮಾತ್ರ. ಆ ಅನ್ಯಾಯವನ್ನು ಮರೆಮಾಚಿ ಅದನ್ನು ಹೊಗಳಬೇಕಿಲ್ಲ.

ಮುಂದಿನ ಕೆಲವೇ ದಶಕಗಳಲ್ಲಿ ಇದೇ ಊರಿನಲ್ಲಿ ಶರಣರು ಆ ಸ್ವಾತಂತ್ರ್ಯವನ್ನು ದುಡಿಯುವವರ ಕೈಗೆ ತಂದರು. ಕಟ್ಟಿಗೆ ಹೊರೆ ಹೊತ್ತು ಮಾರಿದವರು ಮೋಳಿಗೆಯ ಮಾರಯ್ಯನವರು, ಅವರ ನೆನಪು ಹುಮನಾಬಾದ್ ತಾಲ್ಲೂಕಿನ ಮೋಳಕೇರಾದಲ್ಲಿ ಇಂದಿಗೂ ಇದೆ. ಹುಲ್ಲು ಕೊಯ್ದು ಹಗ್ಗ ಹೊಸೆದವರು ನುಲಿಯ ಚಂದಯ್ಯನವರು. ಬಿದಿರು ಸೀಳಿ ಬುಟ್ಟಿ ಹೆಣೆದವರು ಮೇದಾರ ಕೇತಯ್ಯನವರು. ದನ ಕಾಯ್ದವರು ತುರುಗಾಹಿ ರಾಮಣ್ಣನವರು. ಮೂಲಿಕೆ ಅರೆದು ಮದ್ದು ಕೊಟ್ಟವರು ವೈದ್ಯ ಸಂಗಣ್ಣನವರು. ಈ ಕಾಯಕಗಳಲ್ಲಿ ಒಂದಾದರೂ ಊರಿನ ಸುತ್ತ ಎಲ್ಲರಿಗೂ ಸೇರಿದ ಅಡವಿಯಿಲ್ಲದೆ ನಡೆದೀತೆ? ಅನುಭವ ಮಂಟಪಕ್ಕೆ ಬಂದು ಕೂತವರ ಹೆಗಲಲ್ಲಿ ಕಟ್ಟಿಗೆಯ ಹೊರೆಯಿತ್ತು, ಕೈಯಲ್ಲಿ ಹುಲ್ಲಿನ ಹಗ್ಗವಿತ್ತು. ಕಲ್ಯಾಣದ ಸಮಾಜ ನಿಂತದ್ದು ಅರಮನೆಯ ಖಜಾನೆಯ ಮೇಲಷ್ಟೇ ಅಲ್ಲ, ಈ ಗುಡ್ಡಗಳ ಮೇಲೂ. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಅದು ಆಗಬೇಕಾದ ಕೆಲಸ. ಆದರೆ ಮಾರಯ್ಯನವರ ಕಾಯಕವನ್ನು ಇಂದು ಮಾಡುವ ಹೆಣ್ಣುಮಗಳು ಅರಣ್ಯದ ಗಡಿ ಕಲ್ಲು ದಾಟಿದ ಕೂಡಲೇ ತಪ್ಪಿತಸ್ಥೆಯಾಗುವುದಾದರೆ, ಶರಣರ ಹೆಸರಿನ ಕಟ್ಟಡ ಎಷ್ಟು ಎತ್ತರವಿದ್ದರೂ ಅವರ ಮಾತು ಅದರೊಳಗೆ ಬರುವುದಿಲ್ಲ.

ಎದುರು ವಾದಗಳೂ ಇವೆ, ಅವಕ್ಕೆ ನೇರ ಉತ್ತರ ಕೊಡಬೇಕು. ಮಿತಿಮೀರಿ ಮೇಯಿಸಿದರೆ ಗುಡ್ಡ ಬೋಳಾಗುವುದಿಲ್ಲವೇ? ಆಗುತ್ತದೆ. ಆದರೆ ನೂರು ಎಕರೆ ಗಾಯರಾಣದಲ್ಲಿ ಅರವತ್ತು ಎಕರೆ ಒತ್ತುವರಿಗೆ, ಮಂಜೂರಾತಿಗೆ ಹೋಗಿ, ಇಪ್ಪತ್ತು ಎಕರೆಗೆ ನೆಡುತೋಪಿನ ಬೇಲಿ ಬಿದ್ದರೆ, ಉಳಿದ ಇಪ್ಪತ್ತು ಎಕರೆಯಲ್ಲಿ ಅಷ್ಟೇ ದನ ಮೇಯಬೇಕಾಗುತ್ತದೆ. ಆ ಇಪ್ಪತ್ತು ಎಕರೆ ಬೋಳಾದದ್ದಕ್ಕೆ ಕುರುಬನನ್ನು ದೂರುವುದು ಅನ್ಯಾಯ. ಕರ್ನಾಟಕದ ಭೂಕಂದಾಯ ನಿಯಮವೇ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು ಎನ್ನುತ್ತದೆ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರಿನ ಸಾಮುದಾಯಿಕ ಭೂಮಿಯ ಒತ್ತುವರಿ ತೆರವು ಮಾಡಿ ಗ್ರಾಮ ಪಂಚಾಯಿತಿಗೆ ಒಪ್ಪಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ದೇವಣಿಯಂಥ ಹೆಸರಾಂತ ಗೋತಳಿಯ ತವರು ಈ ಸೀಮೆ, ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ತಳಿ ಉಳಿಸಿ ಎಂದು ಹೇಳುತ್ತ ಆ ತಳಿ ಮೇಯುವ ನೆಲವನ್ನು ಕಳೆಯುವುದು ಒಂದಕ್ಕೊಂದು ಹೊಂದುವ ಮಾತಲ್ಲ.

ಹಿಂದುಳಿದ ಜಿಲ್ಲೆಗೆ ಕಾರ್ಖಾನೆ ಬೇಡವೇ, ಹುಡುಗರಿಗೆ ಕೆಲಸ ಬೇಡವೇ ಎಂಬುದು ಇನ್ನೊಂದು ವಾದ. ಬೇಕು. ಹೈದರಾಬಾದ್, ಪುಣೆಗೆ ಗುಳೆ ಹೋಗುವ ಮನೆಗಳ ಸಂಕಟ ಈ ಭಾಗದವರಿಗೆಲ್ಲ ಗೊತ್ತು. ಆದರೆ ಯಾವ ಯೋಜನೆ ಬಂದರೂ ಮೊದಲು ಕೈ ಹಾಕುವುದು ಗುಡ್ಡ, ಗಾಯರಾಣಕ್ಕೇ, ಏಕೆಂದರೆ ಅಲ್ಲಿ ಪರಿಹಾರ ಕೇಳುವ ಪಟ್ಟಾದಾರರಿಲ್ಲ. ಅಲ್ಲಿ ನಷ್ಟ ಆಗುವುದು ಪಹಣಿಯಲ್ಲಿ ಹೆಸರಿಲ್ಲದವರಿಗೆ: ಕುರಿಗಾರರಿಗೆ, ತಾಂಡಾದ ಹೆಣ್ಣುಮಕ್ಕಳಿಗೆ, ಭೂಮಿಯಿಲ್ಲದ ದಲಿತ ಕುಟುಂಬಗಳಿಗೆ. ಕೆಲಸ ಸೃಷ್ಟಿಯ ಲೆಕ್ಕ ಬರೆಯುವವರು ಈ ಗುಡ್ಡಗಳು ಈಗಾಗಲೇ ಕೊಡುತ್ತಿರುವ ಕೆಲಸವನ್ನೂ ಅದೇ ಹಾಳೆಯಲ್ಲಿ ಬರೆಯಲಿ.

ಜನರ ಕೈಗೆ ಕೊಟ್ಟರೆ ಕಾಡು ಉಳಿದೀತೇ ಎಂಬ ಸಂಶಯ ಕೊನೆಯದು. ಎಲ್ಲರದ್ದಾದ ಆಸ್ತಿಯನ್ನು ಪ್ರತಿಯೊಬ್ಬರೂ ತಮ್ಮ ಲಾಭಕ್ಕೆ ಮಿತಿಮೀರಿ ಬಳಸುವುದರಿಂದ ಅದು ಹಾಳಾಗುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಆದರೆ ಜಗತ್ತಿನ ಹಲವೆಡೆ ಜನ ತಮ್ಮದೇ ಕಟ್ಟುಪಾಡು ಮಾಡಿಕೊಂಡು ಕಾಡು, ನೀರು, ಹುಲ್ಲುಗಾವಲುಗಳನ್ನು ತಲೆಮಾರುಗಟ್ಟಲೆ ಕಾಯ್ದುಕೊಂಡಿದ್ದನ್ನು ಎಲಿನಾರ್ ಆಸ್ಟ್ರಮ್ ತೋರಿಸಿಕೊಟ್ಟು 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದೆ. ಪಕ್ಕದ ಚಿಂಚೋಳಿಯಲ್ಲಿ ಮುಲ್ಲಾಮಾರಿ ಹರಿಯುವ ಒಣ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಬಯಲುಸೀಮೆಯ ಕಾಡೂ ಕಾಡೇ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಹಾಗಿರುವಾಗ ಅದೇ ನದಿಯ ಮೇಲ್ಭಾಗದ ಗುಡ್ಡಗಳು ಬರಡಾಗುವುದು ಯಾವ ನ್ಯಾಯ? ರಾಜ್ಯದಲ್ಲಿ 2014ರಲ್ಲಿ 9.94 ಲಕ್ಷ ಹೆಕ್ಟೇರ್ ಎಂದು ಗುರುತಿಸಿದ್ದ ಪರಿಭಾವಿತ ಅರಣ್ಯ (ಡೀಮ್ಡ್ ಫಾರೆಸ್ಟ್) 2022ರ ಮೇ ತಿಂಗಳ ಆದೇಶದಲ್ಲಿ 3.3 ಲಕ್ಷ ಹೆಕ್ಟೇರಿಗೆ ಇಳಿಯಿತು. ಕಾಗದದ ಮೇಲೆ ಹೀಗೆ ಅಳಿಸಿಹೋಗುವ ಭೂಮಿಯನ್ನು ಉಳಿಸಬಲ್ಲವರು ಅದರ ಮೇಲೆ ದಿನವೂ ನಡೆಯುವ ಜನ ಮಾತ್ರ.

ಹಾಗಾದರೆ ಆಗಬೇಕಾದದ್ದೇನು? ಎರಡೂ ತಾಲ್ಲೂಕುಗಳ ಗಾಯರಾಣ, ಕುರುಚಲು ಕಾಡು, ಹುಲ್ಲುಗಾವಲುಗಳ ನಕ್ಷೆ ಊರೂರಿಗೆ ತಯಾರಾಗಿ ಪಂಚಾಯಿತಿ ಗೋಡೆಯ ಮೇಲೆ ಬರಬೇಕು. ಹುಲ್ಲುಗಾವಲಿನಲ್ಲಿ ಟ್ರೆಂಚ್ ತೋಡುವುದು ನಿಲ್ಲಬೇಕು, ಅಲ್ಲಿ ಹುಲ್ಲೇ ಬೆಳೆಯಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಕೊಟ್ಟ ಮೇಯಿಸುವ, ಕಿರು ಉತ್ಪನ್ನ ಸಂಗ್ರಹಿಸುವ, ಕಾಡು ಕಾಯುವ ಸಾಮುದಾಯಿಕ ಹಕ್ಕುಗಳನ್ನು ಈ ಜಿಲ್ಲೆಯ ಊರುಗಳೂ ಕೇಳಬೇಕು. ಅದಕ್ಕೆ 75 ವರ್ಷಗಳ ವಾಸದ ಪುರಾವೆ ಬೇಕಾದವರಿಗೆ ದಾಖಲೆ ಹುಡುಕಿಕೊಡುವ ಹೊಣೆ ತಾಲ್ಲೂಕು ಆಡಳಿತದ್ದಾಗಬೇಕು. ಸರದಿಯ ಮೇಲೆ ಗುಡ್ಡಕ್ಕೆ ಬಿಡುವು ಕೊಟ್ಟು ಮೇಯಿಸುವ ಕಟ್ಟುಪಾಡನ್ನು ಕುರಿಗಾರರ ಜೊತೆ ಕೂತು ಮಾಡಬೇಕು. ಸೀತಾಫಲ ಆಯುವ ಹೆಣ್ಣುಮಕ್ಕಳಿಗೆ ಸಂಘ, ಬೆಲೆ, ನೆರಳಿನ ಕಟ್ಟೆ ಸಿಗಬೇಕು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟ ಸರ್ಕಾರ, ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಒಂದು ಪಾಲನ್ನು ರಸ್ತೆ, ಕಟ್ಟಡಗಳಾಚೆ ಈ ಭೂಮಿಗೂ ಇಡಬೇಕು.

ಇದೆಲ್ಲ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ. ಮುಂದಿನ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಮೂರು ಪ್ರಶ್ನೆ ಕೇಳಲಿ: ನಮ್ಮೂರಿನ ಗಾಯರಾಣ ಎಷ್ಟು ಎಕರೆ? ಈಗ ಅದು ಯಾರ ಕೈಯಲ್ಲಿದೆ? ಅದರಲ್ಲಿ ಏನು ಬೆಳೆಯಬೇಕೆಂದು ನಿರ್ಧರಿಸಿದವರು ಯಾರು? ಉತ್ತರ ಸಿಗುವವರೆಗೆ ಯಾವ ಮಂಜೂರಾತಿಗೂ ಯಾವ ನೆಡುತೋಪಿಗೂ ಊರು ಒಪ್ಪಿಗೆ ಕೊಡಬಾರದು. ನಮ್ಮ ಕಡೆ ಅಡವಿ ಇದೆ. ಅದನ್ನು ಇಲ್ಲ ಎನ್ನುವವರಿಗೆ ಅದರ ಬಗ್ಗೆ ತೀರ್ಮಾನ ಮಾಡುವ ಅಧಿಕಾರ ಇಲ್ಲ.